ಹಲಗೆ ಕಾಯಿಸುವ ಹೊತ್ತು

ಲಾವಣ್ಯಕ್ಕ ಹಲಗೆಯನ್ನು ಹೊಸ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಂದರು, ಆಸ್ಪತ್ರೆಯಿಂದ ಕೂಸನ್ನು ಮನೆಗೆ ತರುವವರ ಹಾಗೆ. ಪರೇಲಿನ ಹಳೆಯ ಮಿಲ್ಲಿನ ಶೆಡ್ಡಿನಲ್ಲಿ ನಮ್ಮ ತಾಲೀಮು. ಡ್ಯಾನ್ಸ್ ಮಾಡುವ ನಾವು ಆರು ಜನ ನೆಲದ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆವು. ಅವರು ನೇರ ನನ್ನ ಮುಂದೆ ಬಂದು ಮಂಡಿಯೂರಿ ಸುತ್ತಿದ ಬೆಡ್‌ಶೀಟು ಬಿಚ್ಚಿದರು. ಕಬ್ಬಿಣದ ಬಳೆ, ಅದಕ್ಕೆ ಬಿಗಿದ ಚರ್ಮ, ಕೊರಳಿಗೆ ಹಾಕಿಕೊಳ್ಳಲು ಹಗ್ಗ, ಬಡಿಯಲು ಎರಡು ಕೋಲು.

"ನಿನ್ನದು," ಎಂದರು. "ಶೋಪೀಸ್ ಅಲ್ಲ ಮಾರಾಯ, ರಿಯಲ್. ನಿಮ್ಮ ವಿಜಯಪುರದ ಕಡೆಯಿಂದಲೇ ತರಿಸಿದ್ದು."

ನಾನು ಮುಟ್ಟಲಿಲ್ಲ.

"ಎಂತ ಆಯ್ತು? ಖುಷಿ ಆಗ್ಲಿಲ್ವಾ?"

"ಅಕ್ಕಾರ, ನಾ ಇದನ್ನ ಬಾರಸಂಗಿಲ್ಲ."

"ಬರೂದಿಲ್ವಾ? ಕಲಿಯುವಾ, ಅದಕ್ಕೆಂತ."

"ಬರತೈತ್ರಿ. ಬಾರಸಂಗಿಲ್ಲ."

ಉಳಿದ ಐವರು ನೀರಿನ ಬಾಟಲಿ ಬಾಯಿಂದ ಕೆಳಗಿಳಿಸಿದರು. ಮರುದಿನ ಭಾನುವಾರ ಸಂಜೆ ನಾಲ್ಕಕ್ಕೆ ಅದೇ ಶೆಡ್ಡಿನಲ್ಲಿ ಮೊದಲ ಶೋ.

ಲಾವಣ್ಯಕ್ಕನ ತಂದೆ ಉಡುಪಿ ಕಡೆಯವರು, ಫೋರ್ಟಿನಲ್ಲಿ ಹೋಟೆಲು. ಮಗಳು ಮಾಟುಂಗಾದಲ್ಲಿ ಭರತನಾಟ್ಯ ಕಲಿತು, ಲಂಡನ್ನಿಗೆ ಹೋಗಿ ಹೊಸ ನಾಟ್ಯ ಕಲಿತು ಬಂದವರು. ನಾನು ಧಾರಾವಿಯವನು. ಶಾಲೆ ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಬೆಲ್ಟ್ ಹೊಲಿಯಲು ಕೂತವನು. ಸಂಜೆಯಾದರೆ ಬಿಲ್ಡಿಂಗಿನ ಗಚ್ಚಿಯ, ಅಂದರೆ ತಾರಸಿಯ, ಮೇಲೆ ತಲೆಯೂರಿ ಬುಗುರಿಯ ಹಾಗೆ ತಿರುಗುವುದನ್ನು ಕಲಿತವನು. ಅವರು ನನ್ನನ್ನು ಆರಿಸಿದ್ದೇ ಆ ಬ್ರೇಕ್ ಡ್ಯಾನ್ಸ್ ನೋಡಿ. ಆಮೇಲೆ ಅದನ್ನೇ ತೆಗೆದುಹಾಕಿದರು.

ಅವರ ನೃತ್ಯದ ಹೆಸರು 'ನೆಲ'. ಆರು ಜನ, ಆರು ಮಣ್ಣು, ಒಂದು ದೇಶ. ಪೋಸ್ಟರಿನಲ್ಲೂ ಹಾಗೇ ಹಾಕಿಸಿದ್ದರು. ಒಬ್ಬೊಬ್ಬರೂ ತಮ್ಮ ಮನೆತನದ ಕುಣಿತವೊಂದನ್ನು ತರಬೇಕು, ಕೊನೆಗೆ ಎಲ್ಲರೂ ಒಂದೇ ಲಯಕ್ಕೆ ಬಂದು ಮೂರು ಬಣ್ಣದ ಬೆಳಕಿನಲ್ಲಿ ನಿಲ್ಲಬೇಕು. ಸ್ನೇಹಲ್ ಲಾವಣಿ ತಂದಳು. ಕೇರಳದ ಹುಡುಗ ಕಳರಿ ತಂದ. ಅನಿಕೇತ್ ಮಲ್ಲಕಂಬದ ಭಂಗಿ ತಂದ. ನಾನು ಗಚ್ಚಿಯ ಮೇಲೆ ಕಲಿತದ್ದನ್ನು ತಂದೆ.

"ಅದು ಅಮೆರಿಕಾದ್ದಲ್ವಾ, ಶರಣು?" ಎಂದಿದ್ದರು.

"ತೆಲಿ ನಂದರಿ. ತಿರಗಿದ್ದು ಧಾರಾವಿಯಾಗ."

ಎಲ್ಲರೂ ನಕ್ಕರು. ಅವರೂ ನಕ್ಕರು. ನಗುತ್ತಲೇ ತೆಗೆದುಹಾಕಿದರು.

ಅದಾಗಿ ಒಂದು ದಿನ ಚಹಾದ ಹೊತ್ತಿನಲ್ಲಿ ನಾನು ಬಣ್ಣದ ಖಾಲಿ ಡಬ್ಬಿಯ ಮೇಲೆ ಬೆರಳು ಬಡಿಯುತ್ತಿದ್ದೆ. ಲಾವಣ್ಯಕ್ಕ ಓಡಿ ಬಂದರು. ಇದು ಎಲ್ಲಿಂದ ಬಂತು ಎಂದು ಕೇಳಿದರು. "ನಮ್ಮ ಮುತ್ಯಾ ಹಲಗಿ ಬಾರಸ್ತಿದ್ದನ್ರಿ," ಎಂದೆ. ಮುತ್ಯಾ ಅಂದರೆ ಅಪ್ಪನ ಅಪ್ಪ. ಅಷ್ಟೇ ಹೇಳಿದ್ದು. ಮುಂದಿನದನ್ನು ಅವರು ಕೇಳಲಿಲ್ಲ. ಆ ಡಬ್ಬಿಯ ಸದ್ದಿನ ಮೇಲೆ ಇಡೀ ಕೊನೆಯ ದೃಶ್ಯ ಕಟ್ಟಿದರು. ಕತ್ತಲು. ನಾನೊಬ್ಬನೇ. ನನ್ನ ಮುಂದೆ ಬಾಣಲೆಯಲ್ಲಿ ಕೆಂಡ. ನಾನು ಹಲಗೆ ಕಾಯಿಸಬೇಕು. ಬಡಿಯುವ ಮೊದಲು ಚರ್ಮವನ್ನು ಬೆಂಕಿಗೆ ಹಿಡಿಯಬೇಕು, ಆಗಲೇ ಅದು ಬಿಗಿದುಕೊಂಡು ದನಿ ಬಿಡುವುದು. ಆಮೇಲೆ ಎದ್ದು ಕೊರಳಿಗೆ ಹಾಕಿಕೊಂಡು ಬಡಿಯಬೇಕು. ನನ್ನ ಬಡಿತಕ್ಕೆ ಉಳಿದ ಐವರು ಎದ್ದು ಬರುತ್ತಾರೆ. ಅವರ ಮಾತಿನಲ್ಲಿ ಹೇಳುವುದಾದರೆ, ದೇಶ ಎದ್ದು ಬರುತ್ತದೆ.

ತಾಲೀಮಿನಲ್ಲಿ ಅಲ್ಲಿಯವರೆಗೆ ಡಬ್ಬಿಯನ್ನೇ ಬಡಿದಿದ್ದೆ. ಡಬ್ಬಿ ಡಬ್ಬಿಯೇ. ಈಗ ಎದುರಿಗೆ ಬಂದು ಕೂತದ್ದು ಹಲಗೆ.

ಲಾವಣ್ಯಕ್ಕ ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಶೆಡ್ಡಿನ ತಗಡಿನ ಗೋಡೆಗೆ ಬಿಸಿಲು ಬಡಿಯುತ್ತಿತ್ತು.

"ನಾಳೆ ಯುರೋಪಿನವರೊಬ್ಬರು ನೋಡ್ಲಿಕ್ಕೆ ಬರ್ತಾರೆ. ಅವರಿಗೆ ಹಿಡಿಸಿದರೆ ಟೂರ್. ಅವರು ನೋಡುವುದು ನಿನ್ನ ಸೀನ್. ಗೊತ್ತುಂಟಲ್ಲ?"

"ಗೊತ್ತೈತ್ರಿ."

"ಮತ್ತೆ? ನಾಚಿಕೆಯಾ? ಅದು ನಿನ್ನ ಹೆರಿಟೇಜ್, ಶರಣು. ಮೈಯಲ್ಲೇ ಬಂದದ್ದು. ನನಗೆ ಹಾಗೆ ಬಂದದ್ದು ಒಂದೂ ಇಲ್ಲ. ನನ್ನದೆಲ್ಲ ಕ್ಲಾಸಿಗೆ ಹೋಗಿ ಕಲಿತದ್ದು."

ಅವರ ಕಣ್ಣಲ್ಲಿ ಸುಳ್ಳಿರಲಿಲ್ಲ. ನನ್ನ ಸಿಟ್ಟಿಗೂ ಅದೇ ಕಾರಣ. ಸುಳ್ಳಿದ್ದಿದ್ದರೆ ಬೈದು ಹೊರಟುಬಿಡುತ್ತಿದ್ದೆ.

"ನಾಚಿಕಿ ಅಲ್ರಿ. ನಮ್ಮ ಮನ್ಯಾಗ ಹಲಗಿ ಬಿಟ್ಟಾರ."

"ಅದಕ್ಕೇ ಅಲ್ವಾ ವಾಪಸ್ ತರಬೇಕಾದ್ದು? ಎಲ್ಲರೂ ಮರೆತರೆ ಉಳಿಸುವವರು ಯಾರು?"

ಮರೆತದ್ದು ಬೇರೆ, ಬೇಡವೆಂದು ಬಿಟ್ಟದ್ದು ಬೇರೆ. ಅದನ್ನು ಹೇಳಲು ಬಾಯಿ ತೆರೆದೆ. ಅವರು ಆಗಲೇ ಗಡಿಯಾರ ನೋಡುತ್ತಿದ್ದರು.

"ಅನಿಕೇತ್ ರೆಡಿ ಇದ್ದಾನೆ. ನಿನ್ನ ಸೀನ್ ಅವನಿಗೂ ಬಾಯಿಪಾಠ. ಆದರೆ ನನಗೆ ನೀನು ಬೇಕು. ನಾಳೆ ಮಧ್ಯಾಹ್ನದ ಒಳಗೆ ಹೇಳು, ಆಯ್ತಾ?"

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕೂತು ಬೆಲ್ಟಿನ ಅಂಚಿಗೆ ಬಣ್ಣ ಹಚ್ಚುತ್ತಿದ್ದ. ಹೆಸರು ಯಮನಪ್ಪ. ಮಾತು ಕಡಿಮೆ. ನಮ್ಮ ಆಯಿ ಚನ್ನವ್ವ, ಅಂದರೆ ಅಪ್ಪನ ಅವ್ವ, ಒಳಗೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಒಂದೇ ಖೋಲಿ. ಮೂಲೆಯಲ್ಲಿ ನೀರಿನ ಕೊಡ. ಕೊಡದ ಕೆಳಗೆ ಒಂದು ಕಬ್ಬಿಣದ ಬಳೆ.

ಆ ಬಳೆಯ ಕಥೆ ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತು. ಊರಲ್ಲಿ ಮುತ್ಯಾನ ಅಣ್ಣ ಸತ್ತ ದಿನವೇ ಗೌಡರ ಎತ್ತು ಸತ್ತಿತು. ದೊಡ್ಡ ಎತ್ತು, ಹೂ ಹಾಕಿ ಮೆರವಣಿಗೆ ಮಾಡಿ ಹೂಳಬೇಕು. ಹಲಗೆ ಬೇಕು. ಮನೆಯಲ್ಲಿ ಹೆಣ ಇದೆ ಎಂದು ಮುತ್ಯಾ ಕೈಮುಗಿದ. ನಿಮ್ಮ ಹೆಣ ಎಲ್ಲಿ ಓಡಿಹೋಗ್ತೈತಿ, ಎತ್ತಿಂದು ಮೊದಲು ಆಗಲಿ ಎಂದರು. ಮುತ್ಯಾ ಹೋದ. ಗೌಡರ ಅಂಗಳದ ಮುಂದೆ ಹುಲ್ಲು ಹೊತ್ತಿಸಿ ಹಲಗೆ ಕಾಯಿಸಲು ಕೂತ. ಕಾಯಿಸಿದ, ಕಾಯಿಸಿದ, ಬೆಂಕಿಯಿಂದ ತೆಗೆಯಲೇ ಇಲ್ಲ. ಚರ್ಮ ಸುಟ್ಟು ಹರಿಯಿತು. ಊರವರು ಅವನನ್ನು ಹೊಡೆದರು. ಅಣ್ಣನನ್ನು ಮಣ್ಣು ಮಾಡಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆ ಸುಟ್ಟ ಬಳೆಯ ಜೊತೆ ಮುಂಬೈ ರೈಲು ಹತ್ತಿದ. ಆಮೇಲೆ ಸಾಯುವವರೆಗೆ ಹಲಗೆ ಮುಟ್ಟಲಿಲ್ಲ. ಕೂತಲ್ಲಿ ಬೆರಳು ಮಾತ್ರ ಆಡುತ್ತಿತ್ತು, ತೊಡೆಯ ಮೇಲೆ, ತಾಟಿನ ಮೇಲೆ. ನಾನು ಕಲಿತದ್ದು ಆ ಬೆರಳಿನಿಂದ.

"ಅಪ್ಪಾ, ನಾಳಿ ಶೋದಾಗ ಹಲಗಿ ಐತಿ," ಎಂದೆ.

ಬ್ರಷ್ಷು ನಿಂತಿತು. "ಯಾರ ಕೊಳ್ಳಾಗ?"

"ನನ್ನ."

"ಹೂಂ."

"ಡ್ಯಾನ್ಸ್ ಐತಪಾ ಅದು. ಮಂದಿ ಟಿಕೆಟ್ ತಗೊಂಡು ಬಂದು, ಕುರ್ಚಿ ಮ್ಯಾಲ ಕುಂತು ನೋಡ್ತಾರ. ಗೌಡ್ರ ಅಂಗಳ ಅಲ್ಲ."

"ನಿಮ್ಮ ಮುತ್ಯಾನೂ ಬರೇ ಬಾರಸ್ತಿದ್ದಿಲ್ಲ. ಕುಣೀಲೇ ಅಂತಿದ್ರು. ಕುಣೀತಿದ್ದ. ಅವರೂ ಕುಂತ ನೋಡ್ತಿದ್ರು."

"ಹಂಗಾದ್ರ ಸಾಯೂತನಕ ಇಲ್ಲೇ ಬೆಲ್ಟ್ ಹೊಲಕೋತ ಕುಂದರ್ಲೇನು?"

"ಬೆಲ್ಟ್ ಹೊಲ್ಯಾಕ ನಾ ಒಲ್ಲೆ ಅಂದ್ರ ಒಲ್ಲೆ. ಯಾರೂ ಹೊಡಿಯಾಕ ಬರಂಗಿಲ್ಲ," ಎಂದ ಅಪ್ಪ. ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿದ. ನನ್ನನ್ನು ನೋಡಲಿಲ್ಲ. "ಆ ಬಳಿ ಮ್ಯಾಲ ಕೊಡ ಕುಂತೈತಿ. ಕುಂದರ್ಲಿ. ಇನ್ನೊಂದು ಬಳಿ ನಿನ್ನ ಕೊಳ್ಳಿಗೆ ಬಿದ್ದ ದಿನ ನೀ ಅತ್ತಾಗ ಇರು. ಈ ಹೊಸ್ತಿಲಾ ತುಳೀಬ್ಯಾಡ."

ಮಾತು ಮುಗಿಯಿತು ಎಂದುಕೊಂಡೆ. ಒಳಗಿಂದ ಆಯಿ ಕೂಗಿದಳು, "ನಾ ಬರ್ತೀನಿ ನಾಳಿ."

"ನೀ ಎಲ್ಲಿಗಿ?" ಅಪ್ಪ ಗದರಿದ.

"ಇಂವನ ಕುಣಿತ ನೋಡಾಕ. ಗಚ್ಚಿ ಮ್ಯಾಲ ತೆಲಿ ಕೆಳಗ ಮಾಡಿ ನಿಂತಾಗೆಲ್ಲ ಬೈದೀನಿ. ಒಮ್ಮೆ ನೆಟ್ಟಗ ನಿಂತದ್ದೂ ನೋಡ್ತೀನಿ."

ಭಾನುವಾರ ಬೆಳಿಗ್ಗೆ ಲಾವಣ್ಯಕ್ಕನಿಗೆ ಫೋನು ಮಾಡಿ, "ಮಾಡ್ತೀನ್ರಿ," ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಒಂದು ಗೊತ್ತಿತ್ತು. ಅನಿಕೇತ್ ಆ ಜಾಗದಲ್ಲಿ ಕೂರುವುದನ್ನು ನನ್ನಿಂದ ನೋಡಲಾಗದು. ಆ ಬೆರಳು ನಮ್ಮ ಮುತ್ಯಾನದು.

ಮೂರೂವರೆಗೆ ಲಾವಣ್ಯಕ್ಕನ ತಮ್ಮ ತಿಲಕ್ ಟ್ಯಾಕ್ಸಿಯಲ್ಲಿ ಕೆಂಡ ತಂದ. ಫೋರ್ಟಿನ ಹೋಟೆಲಿನ ತಂದೂರಿನಿಂದ ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ತುಂಬಿಸಿದ್ದ. ಜೊತೆಗೆ ಒಂದು ಬಕೆಟ್ ಮರಳು. "ನಿನ್ನ ಡೋಲಿಗೋಸ್ಕರ ಇವತ್ತು ನಮ್ಮಲ್ಲಿ ರೋಟಿ ಬಂದ್ ಮಾರಾಯ. ಅಪ್ಪ ನನ್ನನ್ನು ಬೈದು ಬೈದು ಇಟ್ಟಿದ್ದಾರೆ."

"ಡೋಲಲ್ಲ. ಹಲಗಿ."

"ಹಾಂ, ಅದೇ. ಅಂದ ಹಾಗೆ ನಿನ್ನ ಅಜ್ಜಿಯನ್ನು ಮುಂದೆ ಕೂರಿಸಿದ್ದೇನೆ. ನಿನ್ನ ಅಪ್ಪ ಒಳಗೆ ಬರೂದಿಲ್ಲ ಅಂತಾರೆ. ಪಾಸ್ ಕೊಟ್ಟರೂ ಬೇಡ ಅಂದ್ರು. ಹೊರಗೆ ಗೋಡೆಗೆ ಒರಗಿ ನಿಂತಿದ್ದಾರೆ, ಆ ಬಿಸಿಲಲ್ಲಿ."

ಶೆಡ್ಡಿನ ಗೋಡೆ ತಗಡಿನದು. ಹಲಗೆಯ ಸದ್ದು ಊರ ಅಗಸಿ ಬಾಗಿಲು ದಾಟಿ ಹೋಗುವಂಥದ್ದು, ಈ ತಗಡು ಯಾವ ಲೆಕ್ಕ? ಅಪ್ಪ ನೋಡಲು ಬಂದಿರಲಿಲ್ಲ. ಕೇಳಲು ಬಂದಿದ್ದ.

ಶೋ ಶುರುವಾಯಿತು. ಸ್ನೇಹಲಳ ಗೆಜ್ಜೆ, ಕೇರಳದ ಹುಡುಗನ ನೆಗೆತ, ಅನಿಕೇತನ ಭಂಗಿಗಳು, ಚಪ್ಪಾಳೆ. ನಾನು ಸೈಡಿನ ಪರದೆಯ ಹಿಂದೆ ನಿಂತು ಹಲಗೆಯ ಹಗ್ಗ ಹಿಡಿದಿದ್ದೆ. ಲಾವಣ್ಯಕ್ಕ ಬಂದು ನನ್ನ ಹೆಗಲು ಒತ್ತಿ, "ನಿನ್ನ ಅಜ್ಜನನ್ನು ನೆನೆಸಿಕೋ," ಎಂದರು.

ಆ ಮಾತು ಹೇಳಬಾರದಿತ್ತು ಅವರು.

ಕತ್ತಲು. ನಾನು ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಸ್ಪೀಕರಿನಲ್ಲಿ ಲಾವಣ್ಯಕ್ಕನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು: ನೆಲ, ನೆನಪು, ರಕ್ತ. ಹಲಗೆಯನ್ನು ಕೆಂಡದ ಮೇಲೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಉಗುರಿನಿಂದ ಒಮ್ಮೆ ಮೀಟಿದೆ. ಮಂಕು. ಇನ್ನೂ ತಿರುಗಿಸಿದೆ. ಚರ್ಮ ಒಳಗಿಂದ ಬಿಗಿಯುವುದು ಬೆರಳಿಗೆ ತಿಳಿಯುತ್ತಿತ್ತು. ಇನ್ನೊಮ್ಮೆ ಮೀಟಿದೆ. ಟಣ್ ಎಂದಿತು, ಸಣ್ಣಗೆ, ಮೊದಲ ಸಾಲಿಗಷ್ಟೇ ಕೇಳುವಷ್ಟು.

ಆಯಿ ಮೊದಲ ಸಾಲಿನಲ್ಲಿದ್ದಳು. ಕೆಂಡದ ಬೆಳಕು ಅವಳ ಮೂಗುತಿಗೆ ತಾಗುತ್ತಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಬೆಂಕಿ ನೋಡುತ್ತಿದ್ದಳು.

ಹಲಗೆ ಹದಕ್ಕೆ ಬಂತು. ಈಗ ಏಳಬೇಕು. ಕೊರಳಿಗೆ ಹಾಕಬೇಕು. ನನ್ನ ತೊಡೆ ಏಳಲು ಸಿದ್ಧವಾಗಿತ್ತು, ಬೆರಳು ಕೋಲಿನ ಮೇಲಿತ್ತು. ಸುಳ್ಳು ಯಾಕೆ ಹೇಳಲಿ, ಬಡಿಯಬೇಕು ಎಂದು ಮೈಯೆಲ್ಲ ತುಡಿಯುತ್ತಿತ್ತು. ಅಂಥ ಹದ. ಬಡಿದರೆ ಆ ಯುರೋಪಿನವನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಬಡಿದರೆ ಗೋಡೆಯ ಆಚೆ ಒಬ್ಬ ಮನುಷ್ಯ ಬಿಸಿಲಿನಿಂದ ಸರಿದು ಸ್ಟೇಷನ್ನಿನ ಕಡೆ ನಡೆದುಬಿಡುತ್ತಿದ್ದ.

"ಶರಣು, ಕ್ಯೂ!" ಪರದೆಯ ಹಿಂದಿನಿಂದ ಸ್ನೇಹಲ್ ಪಿಸುಗುಟ್ಟಿದಳು.

ನಾನು ಕೋಲುಗಳನ್ನು ಕೆಳಗಿಟ್ಟೆ. ಎರಡೂ ಕೈಯಿಂದ ಬಳೆ ಹಿಡಿದು ಹಲಗೆಯನ್ನು ಕೆಂಡದ ಹತ್ತಿರಕ್ಕೆ ಇಳಿಸಿದೆ.

"ಏಳು," ಅದೇ ಕಡೆಯಿಂದ ಲಾವಣ್ಯಕ್ಕನ ದನಿ. "ಏಳು, ಏಳು, ಎಂತ ಮಾಡ್ತಿದ್ದೀ?"

ನಡುವೆ ಒಂದು ಕಂದು ಚುಕ್ಕೆ ಮೂಡಿತು. ಕಪ್ಪಾಯಿತು. ವಾಸನೆ ಎದ್ದಿತು, ಕೂದಲು ಸುಟ್ಟ ವಾಸನೆ, ಧಾರಾವಿಯಲ್ಲಿ ಚರ್ಮದ ತುಣುಕು ಸುಡುವ ಸಂದಿಯ ವಾಸನೆ. ಮುಂದಿನ ಸಾಲಿನವರು ಮೂಗಿಗೆ ಕೈ ಹಿಡಿದರು. ಬಳೆ ಕಾದು ಬೆರಳು ಸುಡುತ್ತಿತ್ತು, ಬಿಡಲಿಲ್ಲ. ಚುಕ್ಕೆ ಅಗಲವಾಯಿತು, ಅಂಚು ಮುದುಡಿತು, ಚರ್ಮ ಪಟ್ ಎಂದು ಹರಿಯಿತು. ಆ ಹಲಗೆ ಅವತ್ತು ಮಾಡಿದ ದೊಡ್ಡ ಸದ್ದು ಅದೊಂದೇ.

ಮುಂದೇನು ಎಂದು ಯಾರಿಗೂ ತಿಳಿಯಲಿಲ್ಲ. ಬಡಿತವಿಲ್ಲದೆ ಐವರು ಎದ್ದು ಬರುವುದು ಹೇಗೆ? ಸ್ನೇಹಲ್ ಮೊದಲು ಬಂದಳು, ಗೆಜ್ಜೆ ತಡವರಿಸಿತು. ಕೇರಳದ ಹುಡುಗ ಬೇರೆ ಕಡೆಯಿಂದ ಬಂದ. ಅನಿಕೇತ್ ಬಾಯಲ್ಲೇ ತಾಳ ಹಾಕಿಕೊಂಡು ಬಂದ. ಒಬ್ಬರ ಹೆಜ್ಜೆ ಒಬ್ಬರಿಗೆ ಕೂಡಲಿಲ್ಲ. ಬೆಳಕಿಗೆ ಇದೆಲ್ಲ ಯಾರು ಹೇಳಬೇಕು? ಅದು ತನ್ನ ಹೊತ್ತಿಗೆ ಸರಿಯಾಗಿ ಮೂರು ಬಣ್ಣದಲ್ಲಿ ಬಂದು, ಲಯ ತಪ್ಪಿ ನಿಂತ ನಮ್ಮ ಮೇಲೆ ಬಿತ್ತು.

ಆಮೇಲೆ ಚಪ್ಪಾಳೆ. ಯಾರೋ ಒಬ್ಬರು, ಆಮೇಲೆ ಎಲ್ಲರೂ, ಎದ್ದು ನಿಂತು.

ಮೇಕಪ್ ಖೋಲಿಗೆ ಲಾವಣ್ಯಕ್ಕ ಬಿರುಗಾಳಿಯ ಹಾಗೆ ನುಗ್ಗಿದರು. ಮುಖ ಬಿಳಿಚಿಕೊಂಡಿತ್ತು. "ನೀನು ಎಂತ ಮಾಡಿದೆ ಗೊತ್ತುಂಟಾ? ಇಷ್ಟು ವರ್ಷದ ಕೆಲಸ, ಶರಣು! ಇಷ್ಟು ಜನರ..."

ಬಾಗಿಲಲ್ಲಿ ಆ ಯುರೋಪಿನವನು ಕಾಣಿಸಿಕೊಂಡ. ಕಣ್ಣು ಒದ್ದೆಯಾಗಿತ್ತು. ಲಾವಣ್ಯಕ್ಕನ ಎರಡೂ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ನನ್ನ ಕಡೆ ಬೆರಳು ತೋರಿಸಿ ಎದೆ ಮುಟ್ಟಿಕೊಂಡ. ಅವನು ಹೋದ ಮೇಲೆ ಲಾವಣ್ಯಕ್ಕ ನನ್ನನ್ನು ನೋಡಿದರು, ಅಂಗಡಿಯಲ್ಲಿ ಹೊಸ ಬಟ್ಟೆ ನೋಡುವ ಹಾಗೆ.

"ಇದೇ ಇಡುವಾ," ಎಂದರು.

"ಏನ್ರಿ?"

"ಸುಡೂದು. ನೀನು ಮೊದಲೇ ಹೇಳಬಹುದಿತ್ತು, ನನ್ನ ಜೀವ ಹೋಗಿ ಬಂತು. ಆದರೆ ಇದೇ ಸರಿ. ಬಾರಿಸೂದು ಬೇಡ. ಪ್ರತಿ ಶೋದಲ್ಲಿ ಸುಡುವಾ. ತಿಲಕ್, ಇನ್ನೆಷ್ಟು ಹಲಗೆ ತರಿಸ್ಲಿಕ್ಕಾಗ್ತದೆ ಕೇಳು."

ಒಂದು ಗಳಿಗೆ ನನಗೂ ಆಸೆಯಾಯಿತು. ಕೊರಳಿಗೆ ಹಾಕಿಕೊಳ್ಳುವುದಿಲ್ಲ, ಬಡಿಯುವುದಿಲ್ಲ. ಅಪ್ಪ ಬೇಡವೆನ್ನಲು ಕಾರಣವೇ ಇಲ್ಲ. ಯುರೋಪೂ ಉಂಟು, ಮನೆಯೂ ಉಂಟು. ಊರೂರಲ್ಲಿ ಕುರ್ಚಿಯ ಮೇಲೆ ಕೂತವರ ಮುಂದೆ ಕೂತು, ಅದೇ ಹೊತ್ತಿಗೆ, ಅದೇ ಸಿಟ್ಟಿನ ಮುಖ ಮಾಡಿ, ಒಂದೊಂದು ಹೊಸ ಹಲಗೆ ಸುಡುವುದು. ಅವರು ಅಳುತ್ತಾರೆ. ಎದ್ದು ನಿಲ್ಲುತ್ತಾರೆ. ಮರುದಿನ ಮತ್ತೆ ಕರೆಯುತ್ತಾರೆ.

"ಇಲ್ರಿ ಅಕ್ಕಾರ."

"ಎಂತ ಇಲ್ಲ?"

"ನಮ್ಮ ಮುತ್ಯಾ ಒಮ್ಮೆ ಸುಟ್ಟ. ದಿನಾ ಸುಟ್ಟಿದ್ರ ಅದೂ ಚಾಕರಿನ ಆಗತಿತ್ತು."

ಅವರ ಮುಖ ಬದಲಾಯಿತು. "ನಿನ್ನ ಅಜ್ಜ ಸುಟ್ಟದ್ದಾ? ಯಾಕೆ? ಎಲ್ಲಿ? ನನಗೆ ಹೇಳಲೇ ಇಲ್ಲ ನೀನು!"

"ನೀವು ಕೇಳಲಿಲ್ಲರಿ."

"ಈಗ ಕೇಳ್ತಿದ್ದೇನಲ್ಲ. ಕೂತುಕೋ, ಹೇಳು." ಫೋನು ತೆಗೆದು ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟರು. ಕೆಂಪು ಚುಕ್ಕೆ ಹತ್ತಿತು, ರೆಕಾರ್ಡಿಂಗ್.

ನಾನು ಶರ್ಟು ಹಾಕಿಕೊಂಡೆ. ಸುಟ್ಟ ಬೆರಳಿಗೆ ಗುಂಡಿ ಸಿಗಲಿಲ್ಲ, ಹಾಗೇ ಬಿಟ್ಟೆ.

"ಶರಣು, ನೀನು ಹೋದರೆ ಸೀನ್ ನಿಲ್ಲೂದಿಲ್ಲ. ಅನಿಕೇತ್ ಮಾಡ್ತಾನೆ."

"ಮಾಡ್ಲಿ. ಅಂವಗ ಅದು ಬರೇ ಚರ್ಮ. ಕೈ ಸುಟ್ಟೀತು, ಅಷ್ಟ."

ನೆಲದ ಮೇಲೆ ಬಿದ್ದಿದ್ದ ಬಳೆಯನ್ನು ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು. ತಿಲಕ್ ಬಾಗಿಲಿಗೆ ಅಡ್ಡ ಬಂದು, "ಏ, ಅದು ಕಂಪನಿದು," ಎಂದ. ಅವನನ್ನು ಹೊಡೆಯಲು ಕೈ ಎತ್ತಿದೆ. ಲಾವಣ್ಯಕ್ಕ, "ಬಿಡು ಅವನನ್ನು," ಎಂದರು, ದನಿಯಲ್ಲಿ ಏನೂ ಇರಲಿಲ್ಲ. ತಿಲಕ್ ಸರಿದ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಹೊರಗೆ ಬಂದೆ.

ಅಪ್ಪ ತಗಡಿನ ಗೋಡೆಗೆ ಒರಗಿ ನಿಂತಿದ್ದ. ಬಿಸಿಲು ಇಳಿದಿತ್ತು, ಅವನು ಜಾಗ ಬದಲಿಸಿರಲಿಲ್ಲ. ಆಯಿ ಪಕ್ಕದ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದಳು. ಒಳಗೆ ನೋಡಿದ್ದನ್ನು ಅವಳು ಅಪ್ಪನಿಗೆ ಹೇಳಿದ ಹಾಗೆ ಕಾಣಲಿಲ್ಲ.

"ಚಪ್ಪಾಳಿ ಕೇಳಿಸ್ತು," ಎಂದ ಅಪ್ಪ.

"ಹೂಂ."

"ಹಲಗಿ ಕೇಳಿಸಲಿಲ್ಲ."

"ಬಾರಸ್ಲಿಲ್ಲ."

ಅವನು ನನ್ನ ಕೊರಳು ನೋಡಿದ. ಆಮೇಲೆ ಕೈ. ಆಮೇಲೆ ಕೈಯಲ್ಲಿದ್ದ ಬಳೆ, ಅದರ ಅಂಚಿಗೆ ಅಂಟಿದ್ದ ಕರಿ ಚರ್ಮ. ಏನೋ ಕೇಳಲು ಬಾಯಿ ತೆರೆದು, ಮೂಗಿನಿಂದ ಗಾಳಿ ಎಳೆದುಕೊಂಡ. ವಾಸನೆ ಅವನಿಗೆ ಗೊತ್ತಿತ್ತು. ಕಿಸೆಯಿಂದ ಕರವಸ್ತ್ರ ತೆಗೆದು ಕಟ್ಟೆಯ ನಲ್ಲಿಯಲ್ಲಿ ಒದ್ದೆ ಮಾಡಿ ನನ್ನ ಬೆರಳಿಗೆ ಸುತ್ತಿದ, ಬೆಲ್ಟಿನ ಬಕ್ಕಲಿಗೆ ದಾರ ಸುತ್ತುವ ಹಾಗೆ, ಬಿಗಿಯಾಗಿ.

"ನಾಳಿ?" ಎಂದ.

"ನಾಳಿ ಇಲ್ಲಿಗಿ ಬರಂಗಿಲ್ಲ. ಗಚ್ಚಿ ಐತಿ."

"ಬೆಲ್ಟೂ ಅದಾವ," ಎಂದ.

ಆಯಿ ಕೈ ಚಾಚಿ ಬಳೆ ಇಸಿದುಕೊಂಡಳು. ತಿರುಗಿಸಿ ನೋಡಿದಳು, ಸೆರಗಿನಿಂದ ಕರಿ ಒರೆಸಿದಳು, ಎರಡೂ ಕೈಯಗಲಿಸಿ ಅಳತೆ ಮಾಡಿದಳು.

"ಸಣ್ಣದಾತಲ್ಲೋ," ಎಂದಳು. "ಇದರ ಮ್ಯಾಲ ಕೊಡ ಕುಂದ್ರಂಗಿಲ್ಲ."